ಸಿಸಿಲಿಯ ತಟ್ಟೆಯಲ್ಲಿ ಯಾರ ಋಣ?

ಇಟಲಿಯ ಊಟ ಎಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಪಿಜ್ಜಾ ಮತ್ತು ಪಾಸ್ತಾ. ಮಾಲ್‌ಗಳಲ್ಲಿ ಚೀಸ್ ಸುರಿದು ಕೊಡುವ ಈ ತಿನಿಸುಗಳನ್ನು ತಿಂದು 'ಇಟಾಲಿಯನ್ ಊಟ ಮಾಡಿದೆವು' ಎನ್ನುತ್ತೇವೆ. ದೆಹಲಿಯಲ್ಲಿ ಒಂದು ಮಸಾಲೆ ದೋಸೆ ತಿಂದವರು ದಕ್ಷಿಣ ಭಾರತವನ್ನೇ ಉಂಡೆವು ಎಂದುಕೊಂಡಂತೆ ಇದು. ಇಟಲಿ ಒಂದು ರಾಜ್ಯವಾದದ್ದೇ 1861ರಲ್ಲಿ. ಅದಕ್ಕೆ ಮೊದಲು ಅಲ್ಲಿದ್ದದ್ದು ಹಲವು ಸಂಸ್ಥಾನಗಳು, ಹಲವು ನುಡಿಗಳು, ಹಲವು ಅಡುಗೆಮನೆಗಳು. ಉತ್ತರದ ಪೊ ನದಿಯ ಬಯಲಿನಲ್ಲಿ ಬೆಣ್ಣೆ, ಅಕ್ಕಿ, ಮೆಕ್ಕೆಜೋಳದ ಹಿಟ್ಟು. ದಕ್ಷಿಣದಲ್ಲಿ ಆಲಿವ್ ಎಣ್ಣೆ, ಗೋಧಿ ರವೆ, ಮೀನು. ನಮ್ಮ ಬಿಜಾಪುರದ ಜೋಳದ ರೊಟ್ಟಿಗೂ ಮಂಗಳೂರಿನ ಕುಚ್ಚಲಕ್ಕಿ ಗಂಜಿಗೂ ಇರುವಷ್ಟೇ ದೂರ ಅಲ್ಲಿಯೂ ಇದೆ.

2025ರ ಡಿಸೆಂಬರ್ 10ರಂದು ದೆಹಲಿಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಇಟಲಿಯ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಆ ಪಟ್ಟಿ ಸೇರಿದ್ದೂ ಅದೇ ದಿನ. ಇಟಲಿಯವರು ಸಂಭ್ರಮಿಸಿದರು, ತಪ್ಪೇನಿಲ್ಲ. ಆದರೆ ಒಂದು ಅಡುಗೆ 'ನಮ್ಮದು' ಎಂದು ಹೇಳುವಾಗ ಆ 'ನಾವು' ಎಂಬುದರೊಳಗೆ ಯಾರ್ಯಾರು ಇದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆ ನಮ್ಮನ್ನು ಕಾಡಿದ್ದು ಇಟಲಿಯ ದಕ್ಷಿಣ ತುದಿಯ ದ್ವೀಪವಾದ ಸಿಸಿಲಿಯಲ್ಲಿ, ಅಲ್ಲಿಯ ಬೀದಿ ತಿಂಡಿಯಿಂದ ಹೋಟೆಲಿನ ಮೇಜಿನ ತನಕ ಉಣ್ಣುತ್ತಾ ಹೋದಾಗ.

ಪಲೆರ್ಮೊ ನಗರದ ಬಲ್ಲಾರೊ ಸಂತೆಯಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಅಪೆ ಗಾಡಿ. ನಮ್ಮ ಊರುಗಳಲ್ಲಿ ತರಕಾರಿ, ಸಿಮೆಂಟು ಹೊರುವ ಅದೇ ಮೂರು ಚಕ್ರದ ಗಾಡಿ. ಅಲ್ಲಿಯವರು ಅದನ್ನು 'ಲಾಪಾ' ಎನ್ನುತ್ತಾರೆ. ಅದರ ಹಿಂಬದಿಯಲ್ಲಿ ಸ್ಫಿಂಚೋನೆ ಮಾರುತ್ತಾರೆ. ಇದು ದಪ್ಪನೆಯ ಮೆತ್ತನೆಯ ರೊಟ್ಟಿ. ಮೇಲೆ ಟೊಮೆಟೊ, ಬೇಯಿಸಿದ ಈರುಳ್ಳಿ, ಉಪ್ಪಿನಲ್ಲಿಟ್ಟ ಸಣ್ಣ ಮೀನು, ಹುರಿದ ರೊಟ್ಟಿಪುಡಿ. ಪಿಜ್ಜಾದ ನಂಟನೇ ಆದರೂ ಅದಕ್ಕಿಂತ ಬಡವರ ತಿಂಡಿ, ಹೆಚ್ಚು ಹೊಟ್ಟೆ ತುಂಬಿಸುವ ತಿಂಡಿ.

ಪಕ್ಕದಲ್ಲೇ ಪನೆಲ್ಲೆ. ಕಡಲೆ ಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕುದಿಸಿ, ಗಟ್ಟಿಯಾದ ಮೇಲೆ ತೆಳುವಾಗಿ ಹರಡಿ, ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಎಳ್ಳು ಉದುರಿಸಿದ ಬನ್ನಿನೊಳಗೆ ಇಟ್ಟು ನಿಂಬೆ ಹಿಂಡಿ ಕೊಡುತ್ತಾರೆ. ಬಜ್ಜಿ ತಿಂದು ಬೆಳೆದ ನಮ್ಮ ನಾಲಿಗೆಗೆ ಇದರ ಪರಿಚಯ ಮಾಡಿಕೊಡಬೇಕಾಗಲಿಲ್ಲ. ಖಾರವಿಲ್ಲ, ಸೋಡಾ ಇಲ್ಲ, ಕಡಲೆಯ ರುಚಿ ಮಾತ್ರ. ಇಡೀ ಪ್ರಯಾಣದಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ್ದು ಇದೇ ಅಗ್ಗದ ತಿಂಡಿ.

ಇನ್ನೊಂದು ಅರಂಚೀನಾ: ಕೇಸರಿ ಬೆರೆಸಿದ ಅನ್ನದ ಉಂಡೆಯೊಳಗೆ ಮಾಂಸ ಮತ್ತು ಬಟಾಣಿ ತುಂಬಿ, ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿದದ್ದು. ಪಲೆರ್ಮೊದಲ್ಲಿ ಇದು ದುಂಡಗೆ, ಹೆಸರು ಸ್ತ್ರೀಲಿಂಗ. ದ್ವೀಪದ ಪೂರ್ವದ ಕತಾನಿಯಾದಲ್ಲಿ ಗೋಪುರದ ಆಕಾರ, ಹೆಸರು ಅರಂಚೀನೊ, ಪುಲ್ಲಿಂಗ. ಎರಡೂ ಊರಿನವರು ಇದಕ್ಕಾಗಿ ಈಗಲೂ ಜಗಳವಾಡುತ್ತಾರೆ. ನಮ್ಮಂಥವರು ಇಲ್ಲಿ ಕೇಳಿ ತಿನ್ನಬೇಕು. 'ಬೆಣ್ಣೆಯದು' ಎನ್ನುವ ಬಗೆಯಲ್ಲಿ ಸಾಮಾನ್ಯವಾಗಿ ಹಂದಿಯ ಹ್ಯಾಮ್ ಇರುತ್ತದೆ. ಮಾಂಸದ್ದರಲ್ಲೂ ಕೆಲವರು ಹಂದಿ ಬೆರೆಸುತ್ತಾರೆ. ಕೇಳಿದರೆ ಅಂಗಡಿಯವರು ಮುಖ ಗಂಟಿಕ್ಕದೆ ಹೇಳುತ್ತಾರೆ.

ಕರುವಿನ ಗುಲ್ಮವನ್ನು, ಅಂದರೆ ನಮ್ಮ ಮನೆಗಳಲ್ಲಿ ತಿಲ್ಲಿ ಎನ್ನುವುದನ್ನು, ಬೇಯಿಸಿ ಹುರಿದು ಬನ್ನಿಗೆ ತುಂಬಿ ಕೊಡುವ ತಿಂಡಿಯೂ ಇದೆ. ಇದು ಯಹೂದಿ ಕಟುಕರಿಂದ ಬಂದದ್ದೆಂದು ಪಲೆರ್ಮೊದವರೇ ಹೇಳುತ್ತಾರೆ. ಸ್ಪೇನಿನ ಅರಸರ 1492ರ ಆಜ್ಞೆಯಿಂದ ಸಿಸಿಲಿಯ ಯಹೂದಿಗಳೂ ಊರು ಬಿಡಬೇಕಾಯಿತು. ಅವರದೆನ್ನುವ ತಿಂಡಿಯನ್ನು ಈಗ ಹುರಿಯುವುದು ಹಂದಿಯ ಕೊಬ್ಬಿನಲ್ಲಿ. ಅಂದರೆ ಯಾರ ಹೆಸರಿನಲ್ಲಿ ಈ ತಿಂಡಿಯ ಕಥೆ ಹೇಳುತ್ತಾರೋ ಅವರೇ ಇಂದು ಬಂದರೆ ಇದನ್ನು ತಿನ್ನಲಾರರು. ನಾವೂ ತಿನ್ನಲಿಲ್ಲ, ನೋಡಿ ಮುಂದೆ ನಡೆದೆವು.

ಬೀದಿಯಿಂದ ಹೋಟೆಲಿಗೆ ಬಂದಾಗ ನಮಗೆ ಮೊದಲು ನಿರಾಸೆಯೇ ಆಯಿತು. ಪ್ರವಾಸಿಗರು ಗಿಜಿಗುಡುವ ಬೀದಿಯೊಂದರಲ್ಲಿ 'ಅಸಲಿ ಸಿಸಿಲಿ ಊಟ' ಎಂದು ಬೋರ್ಡು ಹಾಕಿದ್ದ ಹೋಟೆಲಿನ ಪಟ್ಟಿಯಲ್ಲಿ ರೋಮಿನ ಕಾರ್ಬೊನಾರಾ ಇತ್ತು, ಬೊಲೊನ್ಯಾದ ಲಸಾನ್ಯಾ ಇತ್ತು, ಸಿಸಿಲಿ ಮಾತ್ರ ಮೂಲೆಯಲ್ಲಿತ್ತು. 'ಅಸಲಿ' ಎಂಬ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡ ಕಡೆ ಅದು ಕಡಿಮೆ ಎನ್ನುವುದು ಎಲ್ಲ ದೇಶಗಳಿಗೂ ಸಲ್ಲುವ ಮಾತು.

ಆದರೆ ಒಳಗಿನ ಓಣಿಯ ಮನೆಯಂಥ ಹೋಟೆಲೊಂದರಲ್ಲಿ ತಿಂದ ಬೂತಾಯಿ ಜಾತಿಯ ಮೀನಿನ ಪಾಸ್ತಾ ಆ ನಿರಾಸೆಯನ್ನು ತೊಳೆಯಿತು. ಅದರಲ್ಲಿ ಕಾಡು ಸೋಂಪಿನ ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಕೇಸರಿ ಇದ್ದವು. ಮೀನಿಗೆ ದ್ರಾಕ್ಷಿಯೇ ಎಂದು ಅನುಮಾನಿಸುತ್ತಲೇ ತಿಂದೆವು. ಸಿಹಿ, ಉಪ್ಪು, ಘಮ ಒಂದಕ್ಕೊಂದು ಜಗಳವಾಡದೆ ಕೂಡಿದ್ದವು. ದ್ವೀಪದ ಪಶ್ಚಿಮದ ಟ್ರಾಪನಿಯಲ್ಲಿ ಕುಸ್‌ಕುಸ್ ಸಿಕ್ಕಿತು. ಗೋಧಿ ರವೆಗೆ ನೀರು ಚಿಮುಕಿಸುತ್ತಾ ಮಣ್ಣಿನ ತಟ್ಟೆಯಲ್ಲಿ ಬೆರಳಿನಿಂದಲೇ ಸಣ್ಣ ಕಾಳುಗಳಾಗಿ ಉರುಳಿಸುತ್ತಾರೆ. ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಹಬೆ ಹೊರಹೋಗದಂತೆ ಎರಡು ಪಾತ್ರೆಗಳ ನಡುವೆ ಕಲಸಿದ ಹಿಟ್ಟನ್ನು ಮೆತ್ತುತ್ತಾರೆ, ನಾವು ಬಿರಿಯಾನಿಗೆ ದಮ್ ಕಟ್ಟುವ ಹಾಗೆ. ಮೇಲೆ ಹಲವು ಬಗೆಯ ಮೀನುಗಳ ಸಾರು. ಉತ್ತರ ಆಫ್ರಿಕಾದ ಮುಸ್ಲಿಮರ ನಿತ್ಯದ ಅನ್ನ, ಇಟಲಿಯ ಕ್ಯಾಥೊಲಿಕ್ ಊರಿನ ಹೆಮ್ಮೆಯ ಊಟ. ಹತ್ತಿರದ ಸಾನ್ ವಿತೊ ಲೊ ಕಾಪೊ ಎಂಬ ಊರಿನಲ್ಲಿ 1998ರಿಂದ ಕುಸ್‌ಕುಸ್ ಉತ್ಸವವೇ ನಡೆಯುತ್ತಿದೆ.

ಇದೆಲ್ಲ ಹೇಗೆ ಬಂತು? ಕ್ರಿ.ಶ. 827ರಲ್ಲಿ ಅರಬರು ಮತ್ತು ಬರ್ಬರರ ಸೇನೆ ಸಿಸಿಲಿಯ ಮಜಾರಾದಲ್ಲಿ ಇಳಿಯಿತು. 831ರಲ್ಲಿ ಪಲೆರ್ಮೊ ಅವರ ಕೈಸೇರಿತು. ಸುಮಾರು ಎರಡೂವರೆ ಶತಮಾನಗಳ ಮುಸ್ಲಿಂ ಆಳ್ವಿಕೆಯಲ್ಲಿ ನಿಂಬೆ, ಕಹಿ ಕಿತ್ತಳೆ, ಕಬ್ಬು ಇಲ್ಲಿ ಬೇರೂರಿದವು. ಅವಕ್ಕೆ ನೀರುಣಿಸುವ ಕಾಲುವೆ, ತೊಟ್ಟಿಗಳು ಬಂದವು. ಸಿಸಿಲಿಯ ನುಡಿಯಲ್ಲಿ ಈಗಲೂ ನೀರಿನ ತೊಟ್ಟಿಗೆ 'ಜೆಬ್ಬಿಯಾ', ಕಿತ್ತಳೆ ಹೂವಿಗೆ 'ಜಗಾರಾ', ಎಳ್ಳಿಗೆ 'ಜುಜ್ಜುಲೆನಾ'. ಮೂರೂ ಅರಬಿ ಮೂಲದವು. ಮುಂದೆ ನಾರ್ಮನ್ ಕ್ರೈಸ್ತರು ದ್ವೀಪ ಗೆದ್ದ ಮೇಲೂ ದೊರೆ ಎರಡನೇ ರೋಜರ್ ತನ್ನ ಆಸ್ಥಾನದಲ್ಲಿ ಅಲ್ ಇದ್ರೀಸಿ ಎಂಬ ಮುಸ್ಲಿಂ ಭೂಗೋಳಜ್ಞನನ್ನು ಇಟ್ಟುಕೊಂಡಿದ್ದ. ಆತ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ ಪಲೆರ್ಮೊ ಬಳಿಯ ತ್ರಾಬಿಯಾ ಎಂಬಲ್ಲಿ 'ಇತ್ರಿಯಾ' ಎಂಬ ಹಿಟ್ಟಿನ ಎಳೆಗಳನ್ನು ತಯಾರಿಸಿ ಮುಸ್ಲಿಂ ಮತ್ತು ಕ್ರೈಸ್ತ ನಾಡುಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದರೆಂದು ದಾಖಲಿಸಿದ್ದಾನೆ. ಪಾಸ್ತಾವನ್ನು ಮಾರ್ಕೊ ಪೋಲೊ ಚೀನಾದಿಂದ ತಂದ ಎಂಬ ಕಥೆ ಇದರ ಮುಂದೆ ನಿಲ್ಲುವುದಿಲ್ಲ. ಆತ ಊರಿಗೆ ಮರಳಿದ್ದು 1295ರಲ್ಲಿ.

ಬಲ್ಲಾರೊ ಸಂತೆಯ ಹೆಸರಿನ ಬಗ್ಗೆಯೂ ಒಂದು ಊಹೆಯಿದೆ. ಅರಬ್ ವರ್ತಕರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟ ದೊರೆಗಳನ್ನು 'ಬಲ್ಹರಾ' ಎನ್ನುತ್ತಿದ್ದರು. ದಖನ್ನಿನ ಆ ದೊರೆಯ ನಾಡಿನಿಂದ ಬಂದ ಮಸಾಲೆ ಮಾರುತ್ತಿದ್ದ ಜಾಗಕ್ಕೆ ಆ ಹೆಸರು ಬಂತು ಎಂದು ಕೆಲವರು ಹೇಳುತ್ತಾರೆ. ಹತ್ತಿರದ ಹಳ್ಳಿಯ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ. ಊಹೆ ಊಹೆಯೇ. ಕಲಬುರಗಿ ಸೀಮೆಯ ಮಳಖೇಡವನ್ನು ಅಷ್ಟು ದೂರದಲ್ಲಿ ನೆನೆಯುವ ಸುಖವನ್ನು ಮಾತ್ರ ನಾವು ಬಿಟ್ಟುಕೊಡಲಿಲ್ಲ.

ಆದರೆ ಈ ರುಚಿಯ ಕಥೆಗೆ ಕಹಿಯಾದ ಇನ್ನೊಂದು ಅಧ್ಯಾಯವಿದೆ. 1220ರ ದಶಕದಿಂದ ಚಕ್ರವರ್ತಿ ಎರಡನೇ ಫ್ರೆಡರಿಕ್ ಸಿಸಿಲಿಯ ಮುಸ್ಲಿಮರನ್ನು ಎಬ್ಬಿಸಿ ಇಟಲಿಯ ಲುಚೇರಾ ಎಂಬ ಊರಿಗೆ ಸಾಗಿಸಿದ. 1300ರಲ್ಲಿ ಅಂಜು ವಂಶದ ಎರಡನೇ ಚಾರ್ಲ್ಸ್ ಆ ವಸತಿಯನ್ನೂ ಮುಗಿಸಿ, ಅಲ್ಲಿದ್ದವರನ್ನು ಗುಲಾಮರಾಗಿ ಮಾರಿಸಿದ. ಮನುಷ್ಯರು ಹೋದರು, ಅವರ ನಿಂಬೆ ಉಳಿಯಿತು, ಎಳ್ಳು ಉಳಿಯಿತು.

ಇದು ಏಳುನೂರು ವರ್ಷದ ಹಿಂದಿನ ಮಾತು ಎಂದು ಸುಮ್ಮನಾಗುವಂತಿಲ್ಲ. 2009ರಲ್ಲಿ ಟಸ್ಕನಿಯ ಲುಕ್ಕಾ ನಗರಸಭೆ ಹಳೆಯ ಪೇಟೆಯೊಳಗೆ ಹೊರನಾಡಿನ ಅಡುಗೆಯ ಹೊಸ ಹೋಟೆಲುಗಳು ಬೇಡವೆಂದು ನಿಯಮ ಮಾಡಿತು. ಊರಿನ ಪರಂಪರೆ ಕಾಯಲು ಎಂದರು. ಪೆಟ್ಟು ಬಿದ್ದದ್ದು ಕೆಬಾಬ್ ಅಂಗಡಿಗಳಿಗೆ. 2019ರಲ್ಲಿ ಬೊಲೊನ್ಯಾ ನಗರದ ಸಂತ ಪೆತ್ರೊನಿಯೊ ಹಬ್ಬಕ್ಕೆ ಹಂದಿ ಮಾಂಸದ ತೊರ್ತೆಲ್ಲೀನಿಯ ಜೊತೆಗೆ, ಅದನ್ನು ತಿನ್ನದವರಿಗೂ ಇರಲಿ ಎಂದು ಕೋಳಿ ಮಾಂಸದ್ದನ್ನೂ ಮಾಡುವ ಯೋಚನೆ ಬಂತು. ಹಳೆಯದನ್ನು ಯಾರೂ ನಿಲ್ಲಿಸಿರಲಿಲ್ಲ. ಆದರೂ ರಾಜಕಾರಣಿ ಮತ್ತೆಯೊ ಸಾಲ್ವಿನಿ ಇದು ನಮ್ಮ ಸಂಸ್ಕೃತಿಯನ್ನೇ ಅಳಿಸುವ ಹುನ್ನಾರ ಎಂಬಂತೆ ಹರಿಹಾಯ್ದರು. ತೊರ್ತೆಲ್ಲೀನಿಯ 'ಅಸಲಿ' ಹೂರಣ ಇದೇ ಎಂದು ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದು 1974ರಲ್ಲಿ. ಕಾಗದಕ್ಕೆ ಇಳಿದು ಅರ್ಧ ಶತಮಾನವೂ ಆಗಿರದ ಪಾಕವನ್ನು ಮುಂದಿಟ್ಟುಕೊಂಡು ಪಕ್ಕದವನ ಎಲೆ ಎತ್ತಿಸುವುದು ಯಾವ ಪರಂಪರೆ?

ಹಾಗೆಂದು ನಾವೂ ಎದೆ ಉಬ್ಬಿಸಿ 'ಸಿಸಿಲಿಯ ಊಟವೆಲ್ಲ ನಮ್ಮದೇ' ಎನ್ನುವುದು ಅದೇ ತಪ್ಪಿನ ಇನ್ನೊಂದು ಮುಖ. ಸ್ಫಿಂಚೋನೆಯ ಮೇಲಿನ ಟೊಮೆಟೊ ಅಮೆರಿಕದ್ದು, ಸ್ಪೇನಿನವರ ಮೂಲಕ ಬಂದದ್ದು. ಆಲಿವ್, ದ್ರಾಕ್ಷಿ, ಗೋಧಿ ಅರಬರಿಗಿಂತ ಬಹಳ ಹಿಂದಿನವು. ಶತಮಾನಗಳ ಕಾಲ ಇದನ್ನೆಲ್ಲ ಕಲಸಿ, ಬೇಯಿಸಿ, ಮಕ್ಕಳಿಗೆ ಉಣಿಸಿ ಉಳಿಸಿದವರು ಸಿಸಿಲಿಯ ಬಡ ಹೆಂಗಸರು. ಅವರ ಪಾಲನ್ನು ಕಿತ್ತುಕೊಂಡು ನಮ್ಮ ಹಿರಿಯರ ಕೀರ್ತಿಗೆ ಸೇರಿಸುವುದು ನ್ಯಾಯವಲ್ಲ.

ಪ್ರಯಾಣದ ಕೊನೆಗೆ ನಾವು ಮಜಾರಾಕ್ಕೆ ಹೋದೆವು. 827ರಲ್ಲಿ ಹಡಗುಗಳು ಬಂದ ಅದೇ ಕರಾವಳಿ. ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಿಂದ ಟುನೀಶಿಯಾದ ಮೀನುಗಾರರು ಇಲ್ಲಿಗೆ ದುಡಿಯಲು ಬಂದು, 'ಕಸ್ಬಾ' ಎನ್ನುವ ಹಳೆಯ ಓಣಿಗಳಲ್ಲಿ ನೆಲೆಸಿದ್ದಾರೆ. ಊರಿನ ದೋಣಿಗಳಲ್ಲಿ ಸಿಸಿಲಿಯವರ ಜೊತೆ ಅವರೂ ಬಲೆ ಎಳೆಯುತ್ತಾರೆ. ಅಲ್ಲಿ ಇಬ್ಬರ ಕುಸ್‌ಕುಸ್ಸೂ ಸಿಗುತ್ತದೆ: ಅವರದು ಖಾರ ಮುಂದಾಗಿ, ಇವರದು ಮೀನಿನ ಸಾರು ಮುಂದಾಗಿ. ಯಾವುದು ಅಸಲಿ ಎಂದು ನಾವು ಕೇಳಲಿಲ್ಲ. ಎರಡನ್ನೂ ಉಂಡೆವು, ಎರಡೂ ಚೆನ್ನಾಗಿದ್ದವು.

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಊರುಗಳಿಗೂ ದೇಶಗಳಿಗೂ ಆ ಮಾತು ಸಲ್ಲಬೇಕು. ತಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಚಾಳಿ ಬೆಳೆಯುತ್ತಿರುವ ನಮ್ಮ ನೆಲಕ್ಕೂ.