ಬೆಳ್ಳಿಗೆ ಎಷ್ಟು ಕಿಲೋಹರ್ಟ್ಜ್?

ಬೆಳ್ಳಿ ಹುಡುಕುವಾಗ ಫ್ರೀಕ್ವೆನ್ಸಿ ಕಡಿಮೆ ಇಡಬೇಕು ಎನ್ನುವ ಮಾತು ಮೆಟಲ್ ಡಿಟೆಕ್ಟರ್ ಹಿಡಿದವರಲ್ಲಿ ಬೇರೂರಿದೆ. ಬ್ರಿಟಿಷರ ಕಾಲದ ರೂಪಾಯಿಗೆ ಅದು ಒಪ್ಪುತ್ತದೆ. ಕೃಷ್ಣೆಯ ದಂಡೆಯ ಹಿಪ್ಪರಗಿ ಸೀಮೆಯ ಕಬ್ಬಿನ ಹೊಲದಲ್ಲಿ ಕಳೆದ ಕಾಲುಂಗುರಕ್ಕೆ ಒಪ್ಪುವುದಿಲ್ಲ.

ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದು ಬೆಳ್ಳಿ. 11.66 ಗ್ರಾಂ ತೂಗುವ, ನೂರಕ್ಕೆ 91.7 ಪಾಲು ಬೆಳ್ಳಿಯ ಹಳೇ ರೂಪಾಯಿಯಲ್ಲಿ ಡಿಟೆಕ್ಟರ್ ಎಬ್ಬಿಸಿದ ಸುಳಿಪ್ರವಾಹ ನಿಧಾನವಾಗಿ ಆರುತ್ತದೆ, ಅದಕ್ಕೇ 5 ಕಿಲೋಹರ್ಟ್ಜ್‌ನಲ್ಲೇ ಸದ್ದು ಸ್ಪಷ್ಟ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಗಾತ್ರ ನೋಡಲು ಅದೇ ಆದರೂ ಲೋಹದ ಗುರುತಾಗಿ ಯಂತ್ರ ತೋರಿಸುವ ಅಂಕಿ ಬೇರೆ.

ಕಾಲುಂಗುರದ ಕತೆಯೇ ಬೇರೆ. ಬೆರಳಿಗೆ ಹೊಂದಿಸಿಕೊಳ್ಳಲೆಂದು ಅದರ ತುದಿಗಳನ್ನು ಕೂಡಿಸಿರುವುದಿಲ್ಲ. ಹಾಗಾಗಿ ಪ್ರವಾಹ ಪೂರ್ತಿ ಸುತ್ತು ಹಾಕಲಾರದು. ಯಂತ್ರದ ಪಾಲಿಗೆ ಅದೊಂದು ತಂತಿಯ ತುಂಡು. ಗೆಜ್ಜೆ, ಉಡದಾರಗಳೂ ಹಾಗೇ. ತೂಕ ಎಷ್ಟೇ ಇರಲಿ, ಯಂತ್ರ ಕಾಣುವುದು ಬಿಡಿ ಕೊಂಡಿಗಳನ್ನು. ಇವಕ್ಕೆ 15, 20 ಕಿಲೋಹರ್ಟ್ಜ್, ಕೆಲವೊಮ್ಮೆ 40 ಬೇಕು. ಅಂದರೆ ಲೋಹ ಯಾವುದು ಎನ್ನುವುದಕ್ಕಿಂತ ಅದರ ಆಕಾರ ಎಂಥದ್ದು ಎಂದು ಮೊದಲು ಕೇಳಬೇಕು.

ತೊಡಕು ಬರುವುದು ಮಣ್ಣಿನಿಂದ. ಕೃಷ್ಣೆಯ ದಂಡೆಗೆ ನೀರು ಹೆಚ್ಚಾಗಿ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಹಸಿ ಉಪ್ಪುಮಣ್ಣು ತಾನೇ ವಿದ್ಯುತ್ ಹರಿಸುತ್ತದೆ, ಫ್ರೀಕ್ವೆನ್ಸಿ ಏರಿಸಿದಷ್ಟೂ ಗದ್ದಲ ಹೆಚ್ಚು. ಸಣ್ಣ ಬೆಳ್ಳಿ ಬೇಡುವುದು ಮೇಲಿನ ಅಂಕಿ, ನೆಲ ಬೇಡುವುದು ಕೆಳಗಿನದು. ಈ ಜಗ್ಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಲಹೆಯೂ ಇಲ್ಲಿ ಕೆಲಸಕ್ಕೆ ಬಾರದು. ಎರಿ ಭೂಮಿ ಬೇಸಿಗೆಯಲ್ಲಿ ಬಿರಿದಾಗ ಸಣ್ಣ ಒಡವೆ ಬಿರುಕಿನೊಳಗೆ ಇಳಿದುಹೋಗುವ ಭಯ ಬೇರೆ.

ಮೈನ್‌ಲ್ಯಾಬ್ ಈಕ್ವಿನಾಕ್ಸ್ 800ರಂಥ ಯಂತ್ರದಲ್ಲಿ ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೇ ನಡೆಸಬಹುದು. ಈ ನೆಲಕ್ಕೆ ನನ್ನ ಮೊದಲ ಆಯ್ಕೆ ಅದೇ. ಒಂದೇ ಫ್ರೀಕ್ವೆನ್ಸಿಯ ಯಂತ್ರವಾದರೆ ಕಬ್ಬು ಕಡಿದು ನೆಲ ಒಣಗುವವರೆಗೆ ಕಾಯಬೇಕು, ಸಣ್ಣ ಕಾಯಿಲ್ ಹಾಕಬೇಕು, ಮಣ್ಣಿನ ಗದ್ದಲ ತಗ್ಗಿಸುವ ಗ್ರೌಂಡ್ ಬ್ಯಾಲೆನ್ಸನ್ನು ಅದೇ ಹೊಲದಲ್ಲಿ ಮಾಡಬೇಕು.

ಇದೆಲ್ಲ ಕಳೆದ ಒಡವೆ ಹುಡುಕುವವರಿಗೆ ಹೇಳಿದ್ದು. ನಿಧಿಯಾಸೆಗೆ ಗುಡಿ, ವೀರಗಲ್ಲುಗಳ ಬುಡ ಅಗೆಯುವುದು ನಾಡಿನ ಚರಿತ್ರೆಯನ್ನೇ ಕದ್ದಂತೆ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾಯ್ದೆಯೇ ಇದೆ.

ಸೆಟ್ಟಿಂಗ್ ಆರಿಸಲು ಕೈಪಿಡಿಗಿಂತ ನಂಬಿಕಸ್ತ ದಾರಿಯೊಂದಿದೆ. ಕಳೆದ ಕಾಲುಂಗುರದ ಜೋಡಿ ಮನೆಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ದಾರ ಕಟ್ಟಿ, ಅದೇ ಹೊಲದಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತು, 5ರಿಂದ ಒಂದೊಂದೇ ಮೆಟ್ಟಿಲು ಏರಿಸುತ್ತ ಯಂತ್ರ ಆಡಿಸಬೇಕು. ಎರಡೂ ದಿಕ್ಕಿನಿಂದ ಒಂದೇ ಸದ್ದು ಬಂದ ಅಂಕಿಯನ್ನು ಹಿಡಿದು ಹುಡುಕಲು ಹೊರಡಬೇಕು.