ತೇಪೆ ಹಾಕಿಸಿಕೊಂಡ ಕಥೆ

ಕೊಂಡ ಕಾದಂಬರಿಯಲ್ಲಿ ಹದಿನಾರು ಪುಟ ಬಿಟ್ಟುಹೋಗಿದ್ದರೆ ಅಂಗಡಿಗೆ ಹೋಗಿ ಬೇರೆ ಪ್ರತಿ ಕೇಳುತ್ತೇವೆ. ಅಚ್ಚಾದ ಎಲ್ಲ ಪ್ರತಿಗಳಲ್ಲೂ ಆ ಪುಟಗಳು ಇಲ್ಲದಿದ್ದರೆ? ಪ್ರಕಾಶಕರು ಸುಮ್ಮನಾಗಿ, ಬರೆದವರು ಅಂಗಡಿ ಮುಚ್ಚಿದ್ದರೆ? ಕಂಪ್ಯೂಟರ್ ಗೇಮನ್ನು ಕಥನವಾಗಿ ಓದುವವರಿಗೆ ಇದು ಬರಿಯ ಊಹೆಯಲ್ಲ. 2004ರ ನವೆಂಬರ್ 16ರಂದು ಬಿಡುಗಡೆಯಾದ ‘ವ್ಯಾಂಪೈರ್: ದಿ ಮಾಸ್ಕ್ವೆರೇಡ್ – ಬ್ಲಡ್‌ಲೈನ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ.

ಬರವಣಿಗೆಯ ದೃಷ್ಟಿಯಿಂದ ಇದು ಅಪರೂಪದ ಆಟ. ಲಾಸ್ ಏಂಜಲೀಸಿನ ರಾತ್ರಿಗಳಲ್ಲಿ ರಕ್ತಪಿಪಾಸುವಾಗಿ ಮರುಹುಟ್ಟು ಪಡೆಯುವ ಆಟಗಾರ ಏಳು ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅವುಗಳಲ್ಲಿ ಮಾಲ್ಕೇವಿಯನ್ನರದು ಹುಚ್ಚರ ಕುಲ. ಈ ಕುಲದವರ ಮಾತುಗಳನ್ನು ಬೇರೆಯಾಗಿಯೇ ಬರೆಯಲಾಗಿದೆ. ಮೊದಲ ಸಲ ಅಸಂಬದ್ಧವೆನಿಸಿದ ಮಾತು ಎರಡನೆಯ ಸಲ ಆಡುವಾಗ ಭವಿಷ್ಯವಾಣಿಯಾಗಿ ಕೇಳಿಸುತ್ತದೆ. ಓಷನ್ ಹೌಸ್ ಎಂಬ ಪಾಳುಬಿದ್ದ ಹೋಟೆಲಿನ ಭಾಗದಲ್ಲಿ ಹೊಡೆದಾಡಲು ಒಬ್ಬ ಶತ್ರುವೂ ಇಲ್ಲ. ಸದ್ದು, ಹಾರಿಬರುವ ಸಾಮಾನು, ಹಳೆಯ ಪತ್ರಿಕೆಯ ತುಣುಕು, ಇಷ್ಟರಿಂದಲೇ ಭಯ ಹುಟ್ಟುತ್ತದೆ.

ಆದರೆ ಈ ಆಟ ಬಿಡುಗಡೆಯಾದದ್ದು ಅರೆಬೆಂದ ಸ್ಥಿತಿಯಲ್ಲಿ. ಲಿಯೋಪೋಲ್ಡ್ ಸೊಸೈಟಿಯ ಭಾಗ ಮುಗಿಸಿ ಹೊರಡುವಾಗ ಅನೇಕರ ಆಟ ಅಲ್ಲೇ ಕುಸಿದು ನಿಂತಿತು. ಮುಂದಿನ ಕಥೆಗೆ ದಾರಿಯೇ ಇರಲಿಲ್ಲ. ಕಾರಣಗಳು ಅಸ್ಪಷ್ಟವೇನಲ್ಲ. ಕ್ಯಾಲಿಫೋರ್ನಿಯಾದ ಟ್ರೋಯ್ಕಾ ಗೇಮ್ಸ್ ಎಂಬ ಸಣ್ಣ ಸಂಸ್ಥೆ, ವಾಲ್ವ್ ಕಂಪನಿ ಇನ್ನೂ ಕಟ್ಟುತ್ತಿದ್ದ ಸೋರ್ಸ್ ಎಂಜಿನ್ನಿನ ಮೇಲೆ ತನ್ನ ಆಟವನ್ನು ಕಟ್ಟಿತು. ಒಪ್ಪಂದದಂತೆ ವಾಲ್ವ್‌ನ ‘ಹಾಫ್-ಲೈಫ್ 2’ಕ್ಕಿಂತ ಮೊದಲು ಇದು ಹೊರಬರುವಂತಿರಲಿಲ್ಲ. ಕೊನೆಗೆ ಎರಡೂ ಒಂದೇ ದಿನ ಬಂದವು. ಆ ವರ್ಷಾಂತ್ಯಕ್ಕೆ ಒಂದು ಅಧಿಕೃತ ಪ್ಯಾಚ್ ಬಂತು. 2005ರ ಫೆಬ್ರವರಿಯಲ್ಲಿ ಟ್ರೋಯ್ಕಾ ಬಾಗಿಲು ಹಾಕಿತು.

ಇಂಥ ಆಟಗಳ ಬಗ್ಗೆ ವಿಮರ್ಶಕರಲ್ಲಿ ಒಂದು ರೂಢಿಯ ಮಾತಿದೆ: ‘ತಾಂತ್ರಿಕ ದೋಷ ಬಿಟ್ಟರೆ ಕಥೆ ಅದ್ಭುತ.’ ಈ ‘ಬಿಟ್ಟರೆ’ಯನ್ನು ನಾನು ಒಪ್ಪುವುದಿಲ್ಲ. ಆಟದಲ್ಲಿ ದೋಷ ಕಥೆಯ ಹೊರಗೆ ಉಳಿಯುವುದಿಲ್ಲ, ಓದುವ ಕ್ರಮವನ್ನೇ ಕೆಡಿಸುತ್ತದೆ. ಪತ್ತೇದಾರಿ ಕಥೆಯಲ್ಲಿ ಮುಚ್ಚಿದ ಬಾಗಿಲಿಗೆ ಅರ್ಥವಿರುತ್ತದೆ. ಇಲ್ಲಿ ಮುಚ್ಚಿದ ಬಾಗಿಲು ಒಗಟೋ ತಪ್ಪೋ ತಿಳಿಯದು. ಆಟದೊಳಗಿನ ಮನುಷ್ಯ ಉತ್ತರಿಸದೆ ನಿಂತರೆ ಅದು ಅವನ ಮೌನವೋ ಪ್ರೋಗ್ರಾಮಿನ ಮೌನವೋ? ಮಾಲ್ಕೇವಿಯನ್ ಪಾತ್ರದಲ್ಲಂತೂ ಹುಚ್ಚು ಯಾರದು ಎಂಬುದೇ ಗೊಂದಲ. ಒಮ್ಮೆ ಹುಟ್ಟಿದ ಈ ಸಂಶಯ ಸರಿಯಾಗಿರುವ ದೃಶ್ಯಗಳಿಗೂ ಅಂಟಿಕೊಳ್ಳುತ್ತದೆ. ಆಟಗಾರರ ಸಿಟ್ಟಿನ ಬೇರು ಇಲ್ಲಿದೆ. ಕಥೆ ಕಳಪೆಯಾಗಿದ್ದರೆ ಯಾರೂ ಇಷ್ಟು ಸಿಟ್ಟಾಗುತ್ತಿರಲಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಿದ್ದರು.

ಬಿಟ್ಟು ಹೋಗದವರು ರಿಪೇರಿಗೆ ಕೂತರು. ಪ್ಯಾಚ್ ಎಂದರೆ ತೇಪೆ. ವೆರ್ನರ್ ಸ್ಪಾಲ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಅನಧಿಕೃತ ತೇಪೆಗಳನ್ನು ಹಾಕುತ್ತ, ಉಚಿತವಾಗಿ ಹಂಚುತ್ತ ಬಂದರು. ಅದರಲ್ಲಿ ಎರಡು ಬಗೆ: ‘ಬೇಸಿಕ್’ ತಪ್ಪುಗಳನ್ನಷ್ಟೇ ತಿದ್ದುತ್ತದೆ, ‘ಪ್ಲಸ್’ ಮೂಲ ತಂಡ ಕೈಬಿಟ್ಟಿದ್ದ ಭಾಗಗಳನ್ನೂ ಮರಳಿ ಸೇರಿಸುತ್ತದೆ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಈ ಜಗಳ ಹೊಸದಲ್ಲ. ಲಿಪಿಕಾರನ ಕೈತಪ್ಪನ್ನು ತಿದ್ದುವುದು ಬೇರೆ, ಪದ್ಯ ಸೇರಿಸುವುದು ಬೇರೆ. ಆ ಭಾಗಗಳನ್ನು ಬಿಟ್ಟದ್ದು ಸಮಯವಿಲ್ಲದೆಯೋ, ಬೇಡವೆಂದೋ? ಎರಡನೆಯದಾದರೆ ‘ಪ್ಲಸ್’ನಲ್ಲಿರುವುದು ಪ್ರಕ್ಷಿಪ್ತ.

ಗಾಗ್ ಎಂಬ ಜಾಲಮಳಿಗೆ ಈ ಆಟವನ್ನು ಅಭಿಮಾನಿಯ ತೇಪೆಯೊಂದಿಗೇ ಮಾರುತ್ತದೆ. ಓದುಗ ಪುಕ್ಕಟೆಯಾಗಿ ಮಾಡಿದ ಕೆಲಸ ಈಗ ಸರಕಿನ ಭಾಗ. ಅಭಿಮಾನಿಗಳ ನಿಷ್ಠೆಯನ್ನು ಹೊಗಳುವುದು ಸುಲಭ, ಹೊಗಳಲೂಬೇಕು. ಆದರೆ ಆ ಹೊಗಳಿಕೆ ಅರೆಬೆಂದದ್ದನ್ನು ಬಡಿಸಿದವರಿಗೆ ಮಾಫಿ ಆಗಬಾರದು. ಬ್ಲಡ್‌ಲೈನ್ಸ್ ಶ್ರೇಷ್ಠ ಎನ್ನುವ ವಿಮರ್ಶಕ ತಾನು ಆಡಿದ್ದು ಯಾವ ಪಾಠ ಎಂದೂ ಹೇಳಬೇಕು. 2004ರಲ್ಲಿ ಹಣ ಕೊಟ್ಟವರಿಗೆ ಸಿಕ್ಕದ್ದು ಆ ಶ್ರೇಷ್ಠ ಕೃತಿಯಲ್ಲ.