ಹಿಸ್ಸಾದವರೆಗೆ ಕೀಲಿಗಳು

ಭೂಮಿ ಜಾಲತಾಣದಲ್ಲಿ ಪಹಣಿ ನೋಡಿದವರಿಗೆ ಈ ಕ್ರಮ ಬಾಯಿಪಾಠ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಬೆಂಗಳೂರು ಗ್ರಾಮಾಂತರದೊಳಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ದೊಡ್ಡಬಳ್ಳಾಪುರದೊಳಗೆ ಕಸಬಾ, ದೊಡ್ಡಬೆಳವಂಗಲ, ಸಾಸಲು, ತೂಬಗೆರೆ, ಮಧುರೆ. ಇದನ್ನೇ ಪೈಥಾನ್‌ನಲ್ಲಿ ಬರೆದರೆ ಡಿಕ್ಷನರಿಯೊಳಗೊಂದು ಡಿಕ್ಷನರಿ. ಪ್ರತಿ ಕೀಲಿಯೂ ಮುಂದಿನ ಕೋಣೆ ತೆರೆಯುತ್ತದೆ. ಕೊನೆಯದರಲ್ಲಿ ವಿಸ್ತೀರ್ಣ, ಖಾತೆದಾರರು, ಬೆಳೆ.

ನನಗೆ ಬಲು ಹಿಡಿಸುವುದು ಹೆಸರಿನ ಗೊಂದಲ ತಾನಾಗಿ ಬಿಡಿಸಿಕೊಳ್ಳುವ ರೀತಿ. ಕಸಬಾ ಹೋಬಳಿ ಈ ನಾಲ್ಕೂ ತಾಲ್ಲೂಕಿನಲ್ಲಿದೆ, ಸರ್ವೆ ನಂಬರ್ 1 ಊರೂರಿಗೂ ಇದೆ. ಬರೀ ಆ ಹೆಸರನ್ನೇ ಕೀಲಿ ಮಾಡಿ ಒಂದೇ ಡಿಕ್ಷನರಿಗೆ ಸುರಿದರೆ ಕೊನೆಗೆ ಬಂದದ್ದು ಹಿಂದಿನದನ್ನೆಲ್ಲ ಅಳಿಸಿಹಾಕುತ್ತದೆ. ಒಳಗೊಳಗೆ ಇಟ್ಟರೆ ತಂಟೆಯೇ ಇಲ್ಲ.

ತೊಡಕಿರುವುದು ತೆಗೆಯುವಾಗ. ತೂಬಗೆರೆಯನ್ನು 'ತೂಬುಗೆರೆ' ಎಂದು ಟೈಪಿಸಿದರೆ ಸಾಕು, ಕೀಎರರ್ ಬಂದು ಪ್ರೋಗ್ರಾಂ ನಿಂತುಬಿಡುತ್ತದೆ. ಹಂತಹಂತಕ್ಕೂ ಗೆಟ್ ಬಳಸಿ, ಸಿಗದಿದ್ದರೆ ಖಾಲಿ ಡಿಕ್ಷನರಿ ಕೊಡು ಎಂದರೆ ಕೆಲಸ ಸರಾಗ. ಹೊಸ ಹಂತ ಸೇರಿಸಲು ಸೆಟ್‌ಡಿಫಾಲ್ಟ್ ಇದೆ. ಆದರೆ ಕಂಡಕಂಡಲ್ಲಿ ಗೆಟ್ ತುರುಕುವುದನ್ನು ನಾನು ಒಪ್ಪಲಾರೆ. ಜಮೀನಿನ ಲೆಕ್ಕ ನೋಡಿ, ಅಲ್ಲಿ ತಪ್ಪು ಹೆಸರಿಗೆ ಖಾಲಿ ಉತ್ತರ ಕೊಡುವುದಕ್ಕಿಂತ ಕಿರುಚುವ ದೋಷವೇ ವಾಸಿ.

2025ರ ಜುಲೈನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಇಂಥ ಬದಲಾವಣೆಗೆ ಡಿಕ್ಷನರಿಯಲ್ಲಿ ಒಂದೇ ಸಾಲು ಸಾಕು: ಹಳೆಯ ಕೀಲಿಯನ್ನು ಪಾಪ್ ಮಾಡಿ, ಬಂದದ್ದನ್ನು ಹೊಸ ಕೀಲಿಗೆ ಕೊಡಿ. ಒಳಗಿನ ಒಂದು ಹಿಸ್ಸಾವನ್ನೂ ಮುಟ್ಟಬೇಕಿಲ್ಲ.